ಟಾಪ್ ಫ್ಲೋರ್ ಮನೆ, ಏಪ್ರಿಲ್ ಬಿಸಿಲು, ತಣ್ಣೀರಿನ ಮೀನು: ತೊಟ್ಟಿ ತಣ್ಣಗೆ ಮಾಡಿದ ಕೆಲಸದ ಟಿಪ್ಪಣಿ

ತೊಟ್ಟಿ: 60×30×36 ಸೆಂ.ಮೀ., ಮರಳು-ಕಲ್ಲು ಕಳೆದು ಸುಮಾರು 55 ಲೀಟರ್ ನೀರು.
ಮೀನು: ವೈಟ್ ಕ್ಲೌಡ್ ಮೌಂಟನ್ ಮಿನ್ನೋ, ಅಂಗಡಿಯವರ ಬಾಯಲ್ಲಿ ಬರೀ ‘ವೈಟ್ ಕ್ಲೌಡ್’, ಒಂದು ಡಜನ್.
ಜಾಗ: ಬೆಂಗಳೂರಿನ ವಿಜಯನಗರ, ಮೂರನೇ ಮಹಡಿ. ತಲೆಯ ಮೇಲೆ ಬರೀ ಆರ್‌ಸಿಸಿ, ಹಿಂದೆ ಪಶ್ಚಿಮದ ಗೋಡೆ.
ತೊಂದರೆ: 2024ರ ಮಾರ್ಚ್ ಮಧ್ಯದಲ್ಲೇ, ಸಂಜೆ ನಾಲ್ಕಕ್ಕೆ ಕೋಣೆ 32 ಡಿಗ್ರಿ, ನೀರು 30.5.

ಈ ಮೀನಿಗೆ ಹಿತವಾದ ನೀರು 14ರಿಂದ 22 ಡಿಗ್ರಿ. ಮೂಲ ಊರು ಚೀನಾದ ಗುವಾಂಗ್‌ಜೌ ಹತ್ತಿರದ ಬೈಯುನ್ ಬೆಟ್ಟ. ಬೈಯುನ್ ಅಂದರೆ ಬಿಳಿ ಮೋಡ. ಟಾನ್ ಎನ್ನುವ ಸ್ಕೌಟ್ ನಾಯಕ ಅಲ್ಲಿನ ತೊರೆಯಲ್ಲಿ ಇದನ್ನು ಕಂಡದ್ದರಿಂದ 1932ರಲ್ಲಿ ಅವನ ಹೆಸರನ್ನೇ ಸೇರಿಸಿ ಟಾನಿಕ್ತಿಸ್ ಅಂತ ನಾಮಕರಣ ಮಾಡಿದರು. ನಾಲ್ಕು ಸೆಂ.ಮೀ. ಉದ್ದ, ಬಾಲದಲ್ಲಿ ಕೆಂಪು, ಮೈಗುಂಟ ಒಂದು ಹೊಳೆಯುವ ಗೆರೆ. 5 ಡಿಗ್ರಿಯ ಚಳಿಯನ್ನೂ ತಾಳಿಕೊಳ್ಳುತ್ತದೆ. ತಾಳದಿರುವುದು ನಮ್ಮ ಸೆಖೆಯನ್ನು.

ತಾಳುವುದಿಲ್ಲ ಅಂದರೆ ಬಿಸಿಯಾದ ದಿನವೇ ಸಾಯುತ್ತದೆ ಅಂತಲ್ಲ. ಮೋಸ ಇರುವುದೇ ಇಲ್ಲಿ. 28-29 ಡಿಗ್ರಿಯಲ್ಲಿ ಇದು ಚೆನ್ನಾಗಿಯೇ ತಿನ್ನುತ್ತದೆ, ಓಡಾಡುತ್ತದೆ, ಗಂಡುಗಳು ದಿನವಿಡೀ ರೆಕ್ಕೆ ಬಿಡಿಸಿ ಮೆರೆಯುತ್ತವೆ. ನೋಡಿದವರಿಗೆ ಬಲು ಲವಲವಿಕೆ ಅನ್ನಿಸುತ್ತದೆ. ಮೀನಿನ ಮೈ ನೀರಿನಷ್ಟೇ ಬಿಸಿ, ಹತ್ತು ಡಿಗ್ರಿ ಏರಿದರೆ ಒಳಗಿನ ಕೆಲಸವೆಲ್ಲ ಹತ್ತಿರ ಹತ್ತಿರ ದುಪ್ಪಟ್ಟು ವೇಗದಲ್ಲಿ ನಡೆಯುತ್ತದೆ. ತಣ್ಣೀರಿನಲ್ಲಿ ಮೂರರಿಂದ ಐದು ವರ್ಷ ಬಾಳಬೇಕಾದದ್ದು ಬೇಗ ಬೆಳೆದು, ಬೇಗ ಸವೆದು ಮುಗಿಯುತ್ತದೆ. ನನ್ನ ಹಿಂದಿನ ಗುಂಪು ಹಾಗೇ ಹೋಯಿತು. ಎರಡನೇ ಬೇಸಿಗೆಯಲ್ಲಿ ಒಂದರ ಹಿಂದೊಂದು ಬೆನ್ನು ಬಾಗಿ, ಹೊಟ್ಟೆ ಒಳಸೇರಿ ಸತ್ತವು. ಬಿಳಿ ಚುಕ್ಕೆ ಇಲ್ಲ, ಗಾಯ ಇಲ್ಲ, ಅಮೋನಿಯಾ ಸೊನ್ನೆ. ಆ ತೊಟ್ಟಿಗೆ ಮುಚ್ಚಳ ಇತ್ತು, ಒಳಗೆ ಪಂಪು ಇತ್ತು, ಅಂಗಡಿಯವರು ‘ಚಳಿಗೆ ಸತ್ತೋಗ್ತವೆ ಸಾರ್, ತಗೊಂಡೋಗಿ’ ಅಂತ ಕಟ್ಟಿ ಕೊಟ್ಟ ಹೀಟರೂ ಇತ್ತು. ಚಳಿಯ ಊರಿನ ಮೀನಿಗೆ ಹೀಟರ್!

ಇನ್ನೊಂದು ಲೆಕ್ಕ ಆಮ್ಲಜನಕದ್ದು. ಸಮುದ್ರ ಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 30 ಡಿಗ್ರಿಯಲ್ಲಿ 7.6. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ಅದರಲ್ಲೂ ಹತ್ತರಲ್ಲೊಂದು ಪಾಲು ಕಡಿಮೆ. ಮೀನಿಗೆ ಬೇಕಾದದ್ದು ಜಾಸ್ತಿ, ನೀರಿನಲ್ಲಿ ಇರುವುದು ಕಮ್ಮಿ. ಥಿಯರಿ ಇಷ್ಟು ಸಾಕು.

ಹಂತ 1. ಅಳತೆ (ಮಾರ್ಚ್ ಮೂರನೇ ವಾರ)

ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿಯ ಥರ್ಮಾಮೀಟರ್ ಕಿತ್ತು ಬಿಸಾಡಿದೆ. ಅದು ಅರ್ಧ ನೀರಿನ, ಅರ್ಧ ಕೋಣೆಯ ಬಿಸಿ ತೋರಿಸುತ್ತದೆ. ನೀರು 30 ಇದ್ದಾಗ ಅದರಲ್ಲಿ 28ರ ಚೌಕ ಹಸಿರಾಗಿರುತ್ತಿತ್ತು. ಬದಲಿಗೆ 60 ರೂಪಾಯಿಯ ಗಾಜಿನ ಥರ್ಮಾಮೀಟರ್ ಒಂದು, 150 ರೂಪಾಯಿಯ ಡಿಜಿಟಲ್ ಒಂದು. ಎರಡನ್ನೂ ಒಂದೇ ಲೋಟದಲ್ಲಿ ಇಟ್ಟು ನೋಡಿದೆ, 0.4 ಡಿಗ್ರಿ ವ್ಯತ್ಯಾಸ. ಗಾಜಿನದನ್ನೇ ಆಧಾರ ಮಾಡಿಕೊಂಡೆ.

ಬೆಳಿಗ್ಗೆ ಆರು, ಸಂಜೆ ನಾಲ್ಕು, ರಾತ್ರಿ ಹನ್ನೊಂದು: ಮೂರು ಹೊತ್ತು ನೀರಿನದೂ ಕೋಣೆಯದೂ ಬರೆದಿಟ್ಟೆ. ಆರ್‌ಸಿಸಿ ಹಗಲೆಲ್ಲ ಕಾದು ರಾತ್ರಿ ಬಿಡುವುದರಿಂದ ಹನ್ನೊಂದಕ್ಕೂ ನೀರು 30ರ ಹತ್ತಿರವೇ ನಿಂತಿರುತ್ತಿತ್ತು. ಬೆಳಿಗ್ಗೆಯ 28.5 ನೋಡಿದಾಗ ವಿಷಯ ಅರ್ಥವಾಯಿತು. ಕೋಣೆ ಬೆಳಿಗ್ಗೆ 26ಕ್ಕೆ ಇಳಿದರೂ ನೀರು ಅದರ ಹಿಂದೆ ಇಳಿಯುತ್ತಿರಲಿಲ್ಲ. ಅಂದರೆ ತೊಟ್ಟಿಯ ಒಳಗೇ ಯಾವುದೋ ಒಲೆ ಉರಿಯುತ್ತಿದೆ.

ಹಂತ 2. ಒಳಗಿನ ಒಲೆ ಆರಿಸುವುದು (ಮಾರ್ಚ್ ಕೊನೆ)

ನೀರಿನೊಳಗೆ ಮುಳುಗಿರುವ ಪಂಪು ಎಷ್ಟು ವ್ಯಾಟ್ ಎಳೆಯುತ್ತದೋ ಅಷ್ಟೂ ಕೊನೆಗೆ ನೀರಿನಲ್ಲೇ ಬಿಸಿಯಾಗಿ ಉಳಿಯುತ್ತದೆ. ನನ್ನ ಒಳ ಫಿಲ್ಟರ್ 18 ವ್ಯಾಟ್, ಇಪ್ಪತ್ನಾಲ್ಕು ಗಂಟೆ. ಇಷ್ಟು ದಿನ ಹೀಟರ್ ಕಿತ್ತಿಟ್ಟೆ ಅಂತ ಬೀಗುತ್ತಿದ್ದವನ ತೊಟ್ಟಿಯಲ್ಲಿ ಇನ್ನೊಂದು ಸಣ್ಣ ಹೀಟರ್ ಫಿಲ್ಟರ್ ಹೆಸರಿನಲ್ಲಿ ಕೂತಿತ್ತು.

ಮಾಡಿದ್ದು:

ಪಂಪಿನ ಬದಲು ಸ್ಪಾಂಜ್ ಫಿಲ್ಟರ್ (180 ರೂ.) ಮತ್ತು 3 ವ್ಯಾಟ್‌ನ ಏರ್ ಪಂಪ್ (350 ರೂ.). ಏರ್ ಪಂಪ್ ಹೊರಗೆ ಕೂರುವುದರಿಂದ ಅದರ ಬಿಸಿ ನೀರಿಗೆ ಸೇರುವುದಿಲ್ಲ, ಗುಳ್ಳೆಗಳು ಆಮ್ಲಜನಕದ ಕೆಲಸವನ್ನೂ ಮಾಡುತ್ತವೆ. ಹಳೇ ಫಿಲ್ಟರನ್ನು ಥಟ್ಟಂತ ತೆಗೆಯಬಾರದು, ಅದರಲ್ಲಿರುವ ಬ್ಯಾಕ್ಟೀರಿಯಾವೇ ಅಮೋನಿಯಾ ತಿನ್ನುವುದು. ಎರಡನ್ನೂ ಮೂರು ವಾರ ಜೊತೆಯಲ್ಲಿ ಓಡಿಸಬೇಕು ಅನ್ನುವುದು ವಾಡಿಕೆ. ಸೆಖೆ ಏರುತ್ತಿದ್ದುದರಿಂದ ನಾನು ಅಷ್ಟು ಕಾಯದೆ, ಹಳೇ ಫಿಲ್ಟರಿನ ಸ್ಪಾಂಜನ್ನು ತೊಟ್ಟಿಯದೇ ನೀರಿನಲ್ಲಿ ಹೊಸದರ ಮೇಲೆ ಹಿಂಡಿ, ಹತ್ತು ದಿನಕ್ಕೆ ಪಂಪು ತೆಗೆದೆ. ಮೂರನೇ ದಿನ ಅಮೋನಿಯಾ 0.25 ತೋರಿಸಿತು. ಬಿಸಿ ನೀರಿನಲ್ಲಿ ಅದೇ ಅಮೋನಿಯಾ ಹೆಚ್ಚು ವಿಷ. ಪಿಎಚ್ 8ರಲ್ಲಿ ವಿಷಕಾರಿ ಭಾಗ 20 ಡಿಗ್ರಿಗೆ ಶೇ. 4ರ ಒಳಗಿದ್ದರೆ 30ಕ್ಕೆ ಶೇ. 7 ದಾಟುತ್ತದೆ. ಎರಡು ದಿನ ಊಟ ನಿಲ್ಲಿಸಿ, ಕಾಲುಭಾಗ ನೀರು ಬದಲಿಸಿದ ಮೇಲೆ ಸರಿಹೋಯಿತು. ನೀವು ಮಾಡುವುದಾದರೆ ಫೆಬ್ರವರಿಯಲ್ಲೇ ಶುರು ಮಾಡಿ.

20 ವ್ಯಾಟ್‌ನ ಲೈಟ್ ತೆಗೆದು 8 ವ್ಯಾಟ್‌ನದು ಹಾಕಿದೆ. ಅದೂ ಸಂಜೆ ಆರರಿಂದ ಹತ್ತರವರೆಗೆ ಮಾತ್ರ. ಗಿಡಗಳು ಬರೀ ಜಾವಾ ಮಾಸ್ ಮತ್ತು ಅನುಬಿಯಾಸ್, ಅವು ದೂರು ಹೇಳಲಿಲ್ಲ.

ಸ್ಟ್ಯಾಂಡನ್ನು ಪಶ್ಚಿಮದ ಗೋಡೆಯಿಂದ ಎದುರು ಗೋಡೆಗೆ ಸರಿಸಿದೆ. ಮುಕ್ಕಾಲು ನೀರು ಖಾಲಿ ಮಾಡದೆ ಸರಿಸಲು ಹೋಗಬೇಡಿ, ತಳದ ಅಂಟು ಬಿಡುತ್ತದೆ.

ಫಲ: ಕೋಣೆ ಅದೇ 32 ಇದ್ದ ದಿನ ನೀರು 28.3. ಎರಡು ಡಿಗ್ರಿಗೂ ಮಿಕ್ಕಿ ಇಳಿಯಿತು, ತಣ್ಣಗೆ ಮಾಡುವ ಯಾವ ಯಂತ್ರವನ್ನೂ ಹಾಕದೆ. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಸಿಕ್ಕಿದ್ದು ಈ ಹಂತದಲ್ಲೇ.

ಹಂತ 3. ಐಸ್ ಬಾಟಲಿ (ಕೈಬಿಟ್ಟದ್ದು)

ಎಲ್ಲರೂ ಮೊದಲು ಹೇಳುವ ಉಪಾಯ. ಅರ್ಧ ಲೀಟರಿನ ಎರಡು ಬಾಟಲಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಮಧ್ಯಾಹ್ನ ತೇಲಿಬಿಟ್ಟೆ. ಲೆಕ್ಕದ ಪ್ರಕಾರ ಒಂದು ಕೆ.ಜಿ. ಮಂಜುಗಡ್ಡೆ ಕರಗಿ ಬಿಸಿಯಾಗುವಾಗ 55 ಲೀಟರ್ ನೀರನ್ನು 2 ಡಿಗ್ರಿಯಷ್ಟು ಇಳಿಸಬೇಕು. ಸಿಕ್ಕಿದ್ದು ಒಂದೂವರೆ. ಗಂಟೆಯೊಳಗೆ ಇಳಿಯಿತು, ಸಂಜೆಯ ಹೊತ್ತಿಗೆ ಮತ್ತೆ ಮೇಲೆ. ಮೀನಿಗೆ ಈ ಏರಿಳಿತವೇ ಸ್ಥಿರವಾದ 28ಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಬಾಟಲಿಯ ಹತ್ತಿರ ಹೋದವು ರೆಕ್ಕೆ ಮುದುಡಿಕೊಂಡು ಒಂದು ಮೂಲೆಯಲ್ಲಿ ಗುಂಪಾಗಿ ನಿಲ್ಲುತ್ತಿದ್ದವು. ಆಫೀಸಿಗೆ ಹೋದ ದಿನ ಬಾಟಲಿ ಬದಲಿಸುವವರು ಅಮ್ಮ. ‘ಬಟಾಣಿ ಇಡೋಕೆ ಫ್ರೀಜರಲ್ಲಿ ಜಾಗ ಇಲ್ಲ, ನಿನ್ನ ಮೀನಿಗೆ ಐಸ್ ಬೇರೆ’ ಅಂದಲ್ಲಿಗೆ ಈ ಹಂತ ಮುಗಿಯಿತು. ತುರ್ತಿಗೆ ಒಂದು ಬಾಟಲಿ ಇರಲಿ, ದಿನನಿತ್ಯದ ದಾರಿ ಇದಲ್ಲ.

ಹಂತ 4. ಪೆಲ್ಟಿಯರ್ (ಸೋತದ್ದು, ದುಡ್ಡೂ ಹೋದದ್ದು)

ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಟಿಇಸಿ1-12706 ಪೆಲ್ಟಿಯರ್ ಬಿಲ್ಲೆ 200 ರೂಪಾಯಿಗೆ ಸಿಕ್ಕಿತು. ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗೆ, ಇನ್ನೊಂದು ಬಿಸಿ. ವಿಡಿಯೋಗಳಲ್ಲಿ ಅದರ ಮೇಲೆ ಹಿಮ ಕಟ್ಟುವುದನ್ನು ನೋಡಿ ಎಲ್ಲರಿಗೂ ಆಸೆ ಹುಟ್ಟುತ್ತದೆ.

ತಂದದ್ದು: ಪೆಲ್ಟಿಯರ್, ಅಲ್ಯುಮಿನಿಯಂ ವಾಟರ್ ಬ್ಲಾಕ್ (250 ರೂ.; ತಾಮ್ರದ್ದು ತರಬೇಡಿ, ನೀರಿಗೆ ಬಿಟ್ಟ ತಾಮ್ರ ಸೀಗಡಿ-ಬಸವನಹುಳುಗಳಿಗೆ ಮೊದಲು, ಮೀನಿಗೆ ಆಮೇಲೆ ವಿಷ), ಹಳೇ ಕಂಪ್ಯೂಟರಿನ ಸಿಪಿಯು ಕೂಲರ್, ಥರ್ಮಲ್ ಪೇಸ್ಟ್, 12 ವೋಲ್ಟ್ 6 ಆಂಪಿಯರ್ ಅಡಾಪ್ಟರ್ (650 ರೂ.), ಸಣ್ಣ ಪಂಪು (220 ರೂ.).

ಬಿಲ್ಲೆ ಎಳೆದದ್ದು ನಾಲ್ಕೂವರೆ ಆಂಪಿಯರ್, ಅಂದರೆ 54 ವ್ಯಾಟ್. ರಾತ್ರಿಯಿಡೀ ಓಡಿಸಿದ ಮೇಲೆ ನೀರು ಇಳಿದದ್ದು 0.7 ಡಿಗ್ರಿ. ಕಾರಣಗಳು ಒಂದೆರಡಲ್ಲ. ಅದು ನೀರಿನಿಂದ ತೆಗೆಯುವ ಬಿಸಿ, ಎಳೆಯುವ ಕರೆಂಟಿನ ಅರ್ಧದಷ್ಟೂ ಇಲ್ಲ. ತೆಗೆದ ಬಿಸಿ, ತನ್ನ ಸ್ವಂತ ಬಿಸಿ ಎರಡನ್ನೂ ಅದೇ ಕೋಣೆಗೆ ಸುರಿಯುತ್ತದೆ. ಹಂತ 2ರಲ್ಲಿ ಕಿತ್ತ ಪಂಪಿನ ಜಾಗಕ್ಕೆ ನಾನೇ ಇನ್ನೊಂದು ಪಂಪು ತಂದು ಮುಳುಗಿಸಿದ್ದೆ. ಎಲ್ಲಕ್ಕಿಂತ ನನಗೆ ಹಿಡಿಸದೇ ಹೋದದ್ದು ಇದು: ಕರೆಂಟ್ ಹೋದ ಕ್ಷಣ ಬಿಸಿ ಕಡೆಯ ಕೂಲರಿನ ಶಾಖ ಬಿಲ್ಲೆಯ ಮೂಲಕವೇ ವಾಪಸು ವಾಟರ್ ಬ್ಲಾಕಿಗೆ ಹರಿಯುತ್ತದೆ. ಕೈಕೊಟ್ಟಾಗ ತಣ್ಣಗೆ ಮಾಡುವುದರ ಬದಲು ಬಿಸಿ ಮಾಡುವ ಯಂತ್ರವನ್ನು ಜೀವ ಇರುವ ತೊಟ್ಟಿಗೆ ಕಟ್ಟಬಾರದು. ಕೆಟ್ಟರೆ ಯಾವ ಕಡೆಗೆ ಕೆಡುತ್ತದೆ ಅಂತ ಮೊದಲು ನೋಡಬೇಕು, ಎಷ್ಟು ಇಳಿಸುತ್ತದೆ ಅನ್ನುವುದು ಆಮೇಲೆ.

ಅಡಾಪ್ಟರ್ ಮುಂದೆ ಉಪಯೋಗಕ್ಕೆ ಬಂತು ಅನ್ನಬಹುದಿತ್ತು, ಅದೂ ಬರಲಿಲ್ಲ.

ಹಂತ 5. ಫ್ಯಾನ್ (ಏಪ್ರಿಲ್ ಮೊದಲ ವಾರ)

ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ಹೇಗೋ ಇದೂ ಹಾಗೆ: ಆವಿಯಾಗುವ ನೀರು ಉಳಿದ ನೀರಿನ ಬಿಸಿ ಹೊತ್ತು ಹೋಗುತ್ತದೆ. ದಿನಕ್ಕೆ ಒಂದು ಲೀಟರ್ ಆವಿಯಾದರೆ ಸುಮಾರು 28 ವ್ಯಾಟ್ ಬಿಸಿ ಹೊರಗೆ ಹೋದ ಹಾಗೆ. ಪೆಲ್ಟಿಯರ್ 54 ವ್ಯಾಟ್ ತಿಂದು ಮಾಡಲಾಗದ್ದನ್ನು ಗಾಳಿ ಪುಕ್ಕಟೆ ಮಾಡುತ್ತದೆ.

ಸಾಮಾನು: 120 ಮಿ.ಮೀ.ನ 12 ವೋಲ್ಟ್ ಫ್ಯಾನ್ ಎರಡು (ತಲಾ 280 ರೂ., ಬಾಲ್ ಬೇರಿಂಗ್‌ದು), ಒಂದು ಇಂಚಿನ ಅಲ್ಯುಮಿನಿಯಂ ಎಲ್-ಆಂಗಲ್ 60 ಸೆಂ.ಮೀ. (90 ರೂ.), ಎಂ4 ಸ್ಕ್ರೂ-ನಟ್, ಹಳೇ ವೈಫೈ ರೂಟರಿನ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ (ಮನೆಯಲ್ಲೇ ಇತ್ತು). ಎರಡೂ ಫ್ಯಾನ್ ಸೇರಿ ಅರ್ಧ ಆಂಪಿಯರ್, 6 ವ್ಯಾಟ್. ದಿನಕ್ಕೆ ಹದಿನಾಲ್ಕು ಗಂಟೆ ಓಡಿದರೂ ತಿಂಗಳಿಗೆ ಎರಡೂವರೆ ಯೂನಿಟ್.

ಮೊದಲ ಜೋಡಣೆ: ಫ್ಯಾನ್‌ಗಳನ್ನು ತೊಟ್ಟಿಯ ಮೇಲೆ ಮಲಗಿಸಿ ಗಾಳಿ ನೇರ ಕೆಳಕ್ಕೆ ಬೀಸುವ ಹಾಗೆ ಇಟ್ಟೆ. ಮೀನು ಹಾರದಂತೆ ಕೆಳಗೆ ನೈಲಾನ್ ಸೊಳ್ಳೆ ಪರದೆ. ಇಳಿದದ್ದು ಒಂದೂವರೆ ಡಿಗ್ರಿ. ಕೆಳಕ್ಕೆ ಬೀಸಿದ ಗಾಳಿ ಹೊರಗೆ ಹೋಗಲು ದಾರಿ ಇಲ್ಲದೆ ತೇವ ಅಲ್ಲೇ ಸುತ್ತುತ್ತಿತ್ತು. ಗಾಜಿನ ಮೇಲಂಚಿನಲ್ಲಿ ಹನಿ ಕಟ್ಟಿದ್ದೇ ಅದಕ್ಕೆ ಸಾಕ್ಷಿ.

ಎರಡನೇ ಜೋಡಣೆ: ಎಲ್-ಆಂಗಲನ್ನು ಹಿಂದಿನ ಉದ್ದ ಅಂಚಿಗೆ ಕೂರಿಸಿ, ಫ್ಯಾನ್‌ಗಳನ್ನು 30 ಡಿಗ್ರಿ ಓರೆಯಾಗಿ, ನೀರಿನಿಂದ 5 ಸೆಂ.ಮೀ. ಮೇಲೆ ನಿಲ್ಲಿಸಿದೆ. ಗಾಳಿ ಹಿಂದಿನಿಂದ ಮುಂದಕ್ಕೆ ನೀರನ್ನು ಸವರಿಕೊಂಡು ಹೋಗಿ ಎದುರಿನ ಅಂಚಿನಿಂದ ಹೊರಬೀಳುತ್ತದೆ. ಡ್ರಿಲ್ ಮಾಡುವವರಿಗೆ: 120ರ ಫ್ಯಾನಿನ ತೂತುಗಳ ನಡುವಿನ ಅಂತರ 105 ಮಿ.ಮೀ., ಎಂ4ಕ್ಕೆ 4.2ರ ಬಿಟ್. ಆಂಗಲಿಗೆ ಮೊದಲು ಸೆಂಟರ್ ಪಂಚ್ ಹೊಡೆಯದಿದ್ದರೆ ಬಿಟ್ ಜಾರಿ ಎಲ್ಲ ತೂತೂ ಸೊಟ್ಟ. ನನ್ನದರಲ್ಲಿ ಒಂದು ಫ್ಯಾನ್ ಇವತ್ತಿಗೂ ಕೊಂಚ ವಾಲಿಕೊಂಡೇ ಇದೆ.

ಸೊಳ್ಳೆ ಪರದೆ ತೆಗೆದು ತೋಟದ ಪ್ಲಾಸ್ಟಿಕ್ ಬಲೆ, 6 ಮಿ.ಮೀ. ಕಣ್ಣಿನದು, ಹಾಕಿದೆ. ಅದೊಂದರಿಂದಲೇ ಇನ್ನೊಂದು ಡಿಗ್ರಿ ಸಿಕ್ಕಿತು. ಸಣ್ಣ ಕಣ್ಣಿನ ಪರದೆ ಗಾಳಿಯನ್ನು ಎಷ್ಟು ತಡೆಯುತ್ತದೆ ಅಂತ ಕೈಯಿಟ್ಟು ನೋಡಿದರೇ ಗೊತ್ತಾಗುತ್ತದೆ. ವೈಟ್ ಕ್ಲೌಡ್ ಒಳ್ಳೆಯ ಹಾರುಗಾರ, ಬಲೆ ಇಲ್ಲದೆ ಒಂದು ರಾತ್ರಿಯೂ ಬಿಡಬೇಡಿ.

ವೈರ್ ಸಾಕೆಟ್ಟಿಗೆ ಹೋಗುವ ಮುಂಚೆ ಒಂದು ಬಾರಿ ಕೆಳಕ್ಕೆ ಜೋತು ಬೀಳುವಂತೆ ಬಿಡಿ. ನೀರು ಹನಿದರೆ ಆ ಬಾಗಿನಿಂದ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ಫಲ: ಕೋಣೆ 32 ಇದ್ದಾಗ ನೀರು 24.8. ಆವಿಯಾಗುವುದು ದಿನಕ್ಕೆ ಸುಮಾರು 2 ಲೀಟರ್.

ಹಂತ 6. ಥರ್ಮೋಸ್ಟಾಟ್

ನೀರಿನ ಬಿಸಿ ನೋಡಿ ಫ್ಯಾನನ್ನು ತಾನೇ ಹಚ್ಚಿ ಆರಿಸುವ ಡಬ್ಲ್ಯು 1209 ಬೋರ್ಡ್, 160 ರೂಪಾಯಿ. 12 ವೋಲ್ಟಿನಲ್ಲೇ ಓಡುತ್ತದೆ, ಫ್ಯಾನಿನ ಪ್ಲಸ್ ವೈರ್ ಅದರ ರಿಲೇ ಮೂಲಕ ಹಾಯಬೇಕು. ಸೆಟ್ಟಿಂಗ್: ಪಿ0ಯಲ್ಲಿ ಸಿ (ತಂಪಿನ ಮೋಡ್, ಎಚ್ ಇಟ್ಟರೆ ಎಲ್ಲ ಉಲ್ಟಾ), ಗುರಿ 22.0, ಪಿ1 (ಫ್ಯಾನ್ ಹಚ್ಚುವ, ಆರಿಸುವ ಡಿಗ್ರಿಗಳ ನಡುವಿನ ಅಂತರ) = 1.0, ಪಿ4ರಲ್ಲಿ ಗಾಜಿನ ಥರ್ಮಾಮೀಟರಿಗೆ ಹೊಂದಿಸಲು −0.6. ಪಿ1ನ್ನು 0.1 ಇಟ್ಟರೆ ರಿಲೇ ರಾತ್ರಿಯಿಡೀ ಟಿಕ್ ಟಿಕ್ ಅನ್ನುತ್ತದೆ.

ಏಪ್ರಿಲ್‌ನಲ್ಲಿ 22 ಹೇಗೂ ಬರುವುದಿಲ್ಲ, ಫ್ಯಾನ್ ಓಡುತ್ತಲೇ ಇರುತ್ತದೆ. ಹಾಗಾದರೆ ಇದು ಯಾಕೆ? ಜೂನ್ ನಂತರಕ್ಕೆ. ಸುಮ್ಮನೆ ನೀರು ಆವಿಯಾಗುವುದು ತಪ್ಪುತ್ತದೆ. ರಿಲೇ ಅಂಟಿಕೊಂಡು ಫ್ಯಾನ್ ನಿಲ್ಲದೇ ಹೋದರೂ ಮಳೆಗಾಲದಲ್ಲಿ ನೀರು 20ರ ಆಸುಪಾಸಿಗೆ ಇಳಿದೀತು ಅಷ್ಟೇ, ಈ ಮೀನಿಗೆ ಅದು ಹಬ್ಬ. ಕರೆಂಟ್ ಹೋದಾಗ ರೂಟರಿನ ಮಿನಿ ಯುಪಿಎಸ್ಸೇ ಫ್ಯಾನಿಗೂ ಕೊಡುತ್ತದೆ, ಎರಡು ಗಂಟೆ ದಾಟಿ ಓಡಿದೆ.

ಹಂತ 7. ಆವಿಯಾದ ನೀರು ತುಂಬುವ ಪಂಚಾಯಿತಿ

ಇದನ್ನು ಯಾವ ವಿಡಿಯೋದಲ್ಲೂ ಸರಿಯಾಗಿ ಹೇಳಿರಲಿಲ್ಲ. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು-ಸುಣ್ಣದ ಅಂಶ ತೊಟ್ಟಿಯಲ್ಲೇ ಉಳಿಯುತ್ತದೆ. ನಮ್ಮ ಮನೆಯ ಕಾವೇರಿ ನೀರು ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) ಮೀಟರಿನಲ್ಲಿ 240, ಬೋರ್ ನೀರು 780. ಆ ವರ್ಷ ಬೆಂಗಳೂರಿಗೆ ಬಂದ ನೀರಿನ ಬರ ನೆನಪಿರಬಹುದು. ಮಾರ್ಚ್‌ನಲ್ಲಿ ಜಲಮಂಡಳಿ ಕಾರು ತೊಳೆಯಲು, ಗಿಡಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಕಾವೇರಿ ಬಂದ ದಿನ ಬಂತು, ಇಲ್ಲದ ದಿನ ಬೋರ್. ತೊಟ್ಟಿಗೂ ಅದನ್ನೇ ತುಂಬಿದೆ. ದಿನಕ್ಕೆ ಎರಡು ಲೀಟರ್ ಬೋರ್ ನೀರು ಅಂದರೆ 55 ಲೀಟರಿನಲ್ಲಿ ದಿನಕ್ಕೆ 28ರ ಏರಿಕೆ. ಎರಡು ವಾರದಲ್ಲಿ ಟಿಡಿಎಸ್ 240ರಿಂದ 620ಕ್ಕೆ ಹೋಯಿತು. ಗಾಜಿನ ಮೇಲೆ ನೀರಿನ ಮಟ್ಟದಲ್ಲಿ ಬಿಳಿ ಪಟ್ಟಿ, ಫ್ಯಾನಿನ ರೆಕ್ಕೆ ತುದಿಯಲ್ಲೂ ಬಿಳಿ ಪುಡಿ.

ಪರಿಹಾರ: ಆವಿಯಾದ ಜಾಗಕ್ಕೆ ಅಡುಗೆಮನೆಯ ಆರ್‌ಓ ನೀರು ಮಾತ್ರ (ಟಿಡಿಎಸ್ 40). ಆರ್‌ಓ ಹೊರಬಿಡುವ ನೀರನ್ನು ನೆಲ ಒರೆಸಲು ಬಕೆಟ್ಟಿನಲ್ಲಿ ಹಿಡಿದೆವು. ಆ ನೀರನ್ನು ತೊಟ್ಟಿಗೆ ಹಾಕಬಾರದು, ಉಪ್ಪೆಲ್ಲ ಅದರಲ್ಲೇ ಇರುವುದು. ವಾರದ ನೀರು ಬದಲಾವಣೆಗೆ ಮಾತ್ರ ಕಾವೇರಿ ನೀರು, ಕ್ಲೋರಿನ್‌ಗೆ ಸೋಡಿಯಂ ಥಯೋಸಲ್ಫೇಟ್ ಹಾಕಿ. ಮೇ ಕೊನೆಗೆ ಮೀಟರ್ 290ಕ್ಕೆ ಬಂತು. ನಿಧಾನವಾಗಿ ಇಳಿಸಬೇಕು, ಒಂದೇ ದಿನ ಮೃದು ನೀರು ಸುರಿದರೆ ಮೀನಿಗೆ ಅದೂ ಹೊಡೆತ.

ಇದಕ್ಕೆ ಸೇರಿದ ಇನ್ನೊಂದು ವಿಷಯ ನಲ್ಲಿ ನೀರಿನ ಬಿಸಿ. ಟಾರಸಿಯ ಕಪ್ಪು ಟ್ಯಾಂಕಿನಿಂದ ಮಧ್ಯಾಹ್ನ ಎರಡಕ್ಕೆ ಬಕೆಟ್ ತುಂಬಿ ಥರ್ಮಾಮೀಟರ್ ಇಟ್ಟರೆ 37 ಡಿಗ್ರಿ. ಭಾನುವಾರ ಊಟ ಮುಗಿಸಿ ನೀರು ಬದಲಿಸುವ ಅಭ್ಯಾಸ ಇದ್ದವರು, ನನ್ನನ್ನೂ ಸೇರಿಸಿ, ಬೇಸಿಗೆಯಿಡೀ ತಣ್ಣೀರಿನ ಮೀನಿಗೆ ಬಿಸಿನೀರು ಸ್ನಾನ ಮಾಡಿಸುತ್ತಿದ್ದೇವೆ. ಬೆಳಿಗ್ಗೆ ಆರಕ್ಕೆ ಅದೇ ನಲ್ಲಿಯಲ್ಲಿ 25.

ಹಂತ 8. ಪರೀಕ್ಷೆಯ ದಿನ (ಏಪ್ರಿಲ್ 28)

ಅವತ್ತು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು. ಏಪ್ರಿಲ್ ತಿಂಗಳಲ್ಲಿ ಅಲ್ಲಿಯವರೆಗೆ ಅದಕ್ಕಿಂತ ಮೇಲಿದ್ದದ್ದು 2016ರ 39.2. ನಮ್ಮ ಕೋಣೆ 34.8. ತೊಟ್ಟಿ ಸಂಜೆ ಐದಕ್ಕೆ 26.4, ಮರುದಿನ ಬೆಳಿಗ್ಗೆ 24.1. 22 ಸಿಗಲಿಲ್ಲ. ಸಿಗುವುದೂ ಇಲ್ಲ, ಏಸಿ ಅಥವಾ ದುಬಾರಿ ಚಿಲ್ಲರ್ (ತೊಟ್ಟಿಯ ನೀರು ತಣ್ಣಗೆ ಮಾಡುವ ಯಂತ್ರ) ಇಲ್ಲದೆ. ಆದರೆ ವರ್ಷಕ್ಕೆ ಆರೇಳು ವಾರ 25-26, ಉಳಿದ ಕಾಲ 19ರಿಂದ 23 ಅನ್ನುವುದು, ವರ್ಷಪೂರ್ತಿ 28-30ಕ್ಕಿಂತ ಬೇರೆಯೇ ಬದುಕು. ಆ ಆರೇಳು ವಾರ ಊಟ ದಿನಕ್ಕೆ ಒಂದೇ ಹೊತ್ತು, ಬೆಳಿಗ್ಗೆ.

ಬಣ್ಣದಲ್ಲೇ ಗೊತ್ತಾಗುತ್ತದೆ. ಮಾರ್ಚ್‌ನಲ್ಲಿ ಬಾಲದ ಕೆಂಪು ಇಟ್ಟಿಗೆ ಪುಡಿಯ ಹಾಗೆ ಮಂಕಾಗಿತ್ತು, ಕಿವಿರು ಮುಚ್ಚಳ ಎಣಿಸಲಾಗದ ವೇಗದಲ್ಲಿ ಬಡಿಯುತ್ತಿತ್ತು, ಬೆಳಗಿನ ಜಾವ ಎಲ್ಲವೂ ಗುಳ್ಳೆ ಬರುವ ಮೂಲೆಯಲ್ಲೇ. ಜೂನ್‌ನಲ್ಲಿ ನೀರು 22ಕ್ಕೆ ಬಂದ ಮೇಲೆ ಮೈಮೇಲಿನ ಗೆರೆ ಕಣ್ಣಿನಿಂದ ಬಾಲದವರೆಗೆ ಒಂದೇ ಎಳೆಯಾಗಿ ಹೊಳೆಯಿತು, ಮಾಸ್‌ನಲ್ಲಿ ಸೂಜಿ ಮೊನೆಯಷ್ಟು ಮರಿಗಳೂ ಕಂಡವು.

ನಡುವೆ ಒಂದು ಮಾತು: ಮಂಗಳೂರಿನಲ್ಲಿ ಇದು ನಡೆಯುವುದಿಲ್ಲ

ನನ್ನ ಟಿಪ್ಪಣಿ ನೋಡಿ ಮಂಗಳೂರಿನ ಭಾವ ಇಂಥದ್ದೇ ಎರಡು ಫ್ಯಾನ್ ಕಟ್ಟಿದರು. ‘ಇಳಿದದ್ದು ಒಂದೂವರೆ ಡಿಗ್ರಿ ಮಾತ್ರ ಮಾರಾಯಾ’ ಅಂತ ಫೋನು. ಅವರ ಜೋಡಣೆಯಲ್ಲಿ ತಪ್ಪೇನೂ ಇಲ್ಲ, ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆವಿಯಾಗುವುದಾದರೂ ಎಲ್ಲಿಗೆ?

ಫ್ಯಾನಿಗೆ ದುಡ್ಡು ಹಾಕುವ ಮುಂಚೆ ಹತ್ತು ನಿಮಿಷದ ಈ ಪರೀಕ್ಷೆ ಮಾಡಿ. ಗಾಜಿನ ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಮಧ್ಯಾಹ್ನ ಟೇಬಲ್ ಫ್ಯಾನಿನ ಮುಂದೆ ಹಿಡಿಯಿರಿ. ಅದು ಎಲ್ಲಿಗೆ ಬಂದು ನಿಲ್ಲುತ್ತದೋ ಅದಕ್ಕಿಂತ ಕೆಳಗೆ ನಿಮ್ಮ ತೊಟ್ಟಿಯನ್ನು ಯಾವ ಫ್ಯಾನೂ ಇಳಿಸಲಾರದು. ನಿಜದಲ್ಲಿ ಅದರ ಮೂರು-ನಾಲ್ಕು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಒದ್ದೆ ಬಟ್ಟೆ 21 ತೋರಿಸಿತು, ಅವರಲ್ಲಿ 28. ಧಾರವಾಡ, ಮೈಸೂರು, ಕಲಬುರಗಿಯ ಒಣ ಸೆಖೆಯವರಿಗೆ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯವರು ವೈಟ್ ಕ್ಲೌಡ್ ಆಸೆ ಬಿಟ್ಟು ನಮ್ಮದೇ ನೀರಿನ ಪ್ಯಾಂಚಾಕ್ಸ್ ಮೀನು ಸಾಕುವುದು ಒಳ್ಳೆಯದು. 22ರಿಂದ 28 ಅದಕ್ಕೆ ಒಗ್ಗುತ್ತದೆ. ಭಾವ ಈಗ ಅದನ್ನೇ ಇಟ್ಟುಕೊಂಡಿದ್ದಾರೆ, ಫ್ಯಾನ್ ಎರಡೂ ರೂಟರಿನ ಹಿಂದೆ ಸೇರಿವೆ.

ಹಾಗಾದರೆ ಗೋಲ್ಡ್ ಫಿಶ್ ಇಡಲಾ ಅಂತ ಕೇಳುವವರಿಗೆ: ಅದೂ ತಣ್ಣೀರಿನದೇ, ಸಣ್ಣದಂತೂ ಅಲ್ಲ. ಇಂಗ್ಲೆಂಡಿನಲ್ಲಿ 1956ರ ಜಾತ್ರೆಯೊಂದರಲ್ಲಿ ಗೆದ್ದು ತಂದ ಟಿಶ್ ಎನ್ನುವ ಗೋಲ್ಡ್ ಫಿಶ್ 1999ರವರೆಗೆ, 43 ವರ್ಷ ಬದುಕಿತ್ತು. ನಮ್ಮಲ್ಲಿ ಗಾಜಿನ ಬೋಗುಣಿಯಲ್ಲಿಟ್ಟು ವರ್ಷಕ್ಕೊಂದು ತರುತ್ತೇವೆ. 55 ಲೀಟರ್ ಅದಕ್ಕೆ ಸಾಲದು. ಈ ಅಳತೆಯ ತೊಟ್ಟಿಗೆ, ಕೊಂಚ ಸೆಖೆ ತಡೆಯುವ ಮೀನೇ ಬೇಕೆಂದರೆ ಜೀಬ್ರಾ ಡ್ಯಾನಿಯೋ ನೋಡಿ. 18ರಿಂದ 25 ಅದಕ್ಕೆ ಹಿತ, ಮೂರೂವರೆ ವರ್ಷದ ಆಸುಪಾಸು ಬಾಳುತ್ತದೆ.

ಹಂತ 9. ಮುಂದಿನ ವರ್ಷದ ರಿಪೇರಿ (2025ರ ಫೆಬ್ರವರಿ)

ಒಂದು ರಾತ್ರಿ ಚಳಿಯಲ್ಲೂ ಫ್ಯಾನ್ ಓಡುತ್ತಿತ್ತು. ಬೋರ್ಡ್ 31 ಅನ್ನುತ್ತದೆ, ಗಾಜಿನ ಥರ್ಮಾಮೀಟರ್ 21 ಅನ್ನುತ್ತದೆ. ಮೊದಲು ರಿಲೇ ಮೇಲೆ ಅನುಮಾನ ಪಟ್ಟು ಬೋರ್ಡ್ ಬದಲಿಸಿದೆ, ಹೊಸದೂ 31 ಅಂದಿತು. ಕೆಟ್ಟದ್ದು ಸೆನ್ಸರ್. ಸ್ಟೀಲ್ ಟೋಪಿಯ ಬುಡದಲ್ಲಿ ಕಪ್ಪು ಕೊಳವೆ ಸಡಿಲವಾಗಿ ನೀರು ಒಳಗಿಳಿದಿತ್ತು. ಈ ಸೆನ್ಸರಿನಲ್ಲಿ ರೆಸಿಸ್ಟೆನ್ಸ್ ಕಮ್ಮಿಯಾದಷ್ಟೂ ಬೋರ್ಡ್ ಬಿಸಿ ಅಂದುಕೊಳ್ಳುತ್ತದೆ. ನೀರು ಸೇರಿದರೆ ರೆಸಿಸ್ಟೆನ್ಸ್ ಇಳಿಯುತ್ತದೆ, ಫ್ಯಾನ್ ನಿಲ್ಲದೆ ತಿರುಗುತ್ತದೆ. ಕೆಟ್ಟರೂ ತಂಪಿನ ಕಡೆಗೇ ಕೆಟ್ಟಿತು. ಪೆಲ್ಟಿಯರ್ ಆಗಿದ್ದರೆ ಬೇರೆ ಕಥೆ.

‘ವಾಟರ್‌ಪ್ರೂಫ್’ ಅಂತ ಬರೆದ 60 ರೂಪಾಯಿಯ ಸೆನ್ಸರನ್ನು ವರ್ಷಗಟ್ಟಲೆ ಮುಳುಗಿಸಿಡಬೇಡಿ. ಹೊಸದನ್ನು ಸಣ್ಣ ಗಾಜಿನ ಟೆಸ್ಟ್ ಟ್ಯೂಬಿನಲ್ಲಿಟ್ಟು, ಒಣ ಮರಳು ತುಂಬಿ, ಬಾಯಿಗೆ ಅಕ್ವೇರಿಯಂ ಸಿಲಿಕೋನ್ ಹಚ್ಚಿ, ಬಾಯಿ ನೀರಿನಿಂದ ಮೇಲೆ ಇರುವ ಹಾಗೆ ಸಿಕ್ಕಿಸಿದೆ. ಸಿಲಿಕೋನ್ ಒಣಗಲು ಪೂರ್ತಿ ಒಂದು ದಿನ ಬಿಡಿ. ಬಾತ್‌ರೂಮಿಗೆ ಹಾಕುವ ಬೂಷ್ಟು ನಿರೋಧಕ ಸಿಲಿಕೋನ್ ಬೇಡ, ಅದರಲ್ಲಿ ಔಷಧಿ ಇರುತ್ತದೆ. ಟ್ಯೂಬಿನಲ್ಲಿರುವುದರಿಂದ ಬಿಸಿ ಗೊತ್ತಾಗಲು ಎರಡು ನಿಮಿಷ ತಡ, 55 ಲೀಟರಿಗೆ ಅದು ಲೆಕ್ಕಕ್ಕಿಲ್ಲ. ಆಗಲೇ ಫ್ಯಾನಿನ ರೆಕ್ಕೆಗಳನ್ನು ವಿನೆಗರ್ ಬಟ್ಟೆಯಲ್ಲಿ ಒರೆಸಿ ಸುಣ್ಣ ತೆಗೆದೆ.

ಖರ್ಚು

ಕೆಲಸಕ್ಕೆ ಬಂದದ್ದು: ಥರ್ಮಾಮೀಟರ್ 210, ಸ್ಪಾಂಜ್ ಫಿಲ್ಟರ್ ಮತ್ತು ಏರ್ ಪಂಪ್ 530, ಫ್ಯಾನ್ 560, ಆಂಗಲ್-ಸ್ಕ್ರೂ-ಬಲೆ 190, ಥರ್ಮೋಸ್ಟಾಟ್ 160, ಟಿಡಿಎಸ್ ಮೀಟರ್ 300, ಹೊಸ ಸೆನ್ಸರ್ ಮತ್ತು ಟ್ಯೂಬ್ 85. ಒಟ್ಟು 2,035 ರೂಪಾಯಿ. ಲೈಟ್ ಹಳೆಯದೊಂದು ಮನೆಯಲ್ಲಿತ್ತು.

ದಂಡ: ಪೆಲ್ಟಿಯರ್ ಸಾಮಾನೆಲ್ಲ ಸೇರಿ 1,400ರ ಹತ್ತಿರ, ಬೇಡದೆ ಕೊಂಡ ಎರಡನೇ ಬೋರ್ಡ್ 160.

ಹನ್ನೆರಡು ಮೀನಿನಲ್ಲಿ 2025ರ ಬೇಸಿಗೆ ದಾಟಿದ್ದು ಹತ್ತು. ಒಂದು ಬಲೆ ಸರಿಯಾಗಿ ಮುಚ್ಚದ ರಾತ್ರಿ ಹಾರಿ ಸತ್ತಿತು, ಇನ್ನೊಂದು ಯಾಕೆ ಹೋಯಿತೋ ತಿಳಿಯಲಿಲ್ಲ. ಬಾಕಿ ಇರುವ ಕೆಲಸ, ಆರ್‌ಓ ನೀರನ್ನು ತಾನಾಗಿ ತುಂಬುವ ಫ್ಲೋಟ್ ವಾಲ್ವ್. ನಾಲ್ಕು ದಿನ ಊರಿಗೆ ಹೋದರೆ ತೊಟ್ಟಿ ಎಂಟು ಲೀಟರ್ ಇಳಿದಿರುತ್ತದೆ, ಫ್ಯಾನಿಗೂ ನೀರಿಗೂ ನಡುವಿನ ಅಂತರ ಜಾಸ್ತಿಯಾಗಿ ತಂಪೂ ಕಮ್ಮಿಯಾಗುತ್ತದೆ. ಕಾಲು ಇಂಚಿನ ವಾಲ್ವ್ ತಂದಿಟ್ಟಿದ್ದೇನೆ, ಹತ್ತು ಲೀಟರಿನ ಕ್ಯಾನನ್ನು ಎಲ್ಲಿ ಕೂರಿಸುವುದು ಅಂತ ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.